ಗಾಳಿಯನ್ನು ತಡೆಯಬೇಡಿ, ಸೋಸಿ

ಗಾಳಿ ಜೋರಾಗಿ ಬೀಸುವ ತೋಟ ಅಂದರೆ ಮೊದಲು ನೆನಪಾಗುವುದು ಗೋಡೆ, ಅಲ್ವಾ? ಆದರೆ ಗೋಡೆಗೆ ಬಡಿದ ಗಾಳಿ ಮೇಲೇರಿ, ಆಚೆ ಬದಿಗೆ ಸುಳಿಯಾಗಿ ಇಳಿಯುತ್ತದೆ. ಗಿಡ ಮುರಿಯುವುದು ಆ ಸುಳಿಗೇ. ಮರಗಿಡಗಳ ಬೇಲಿ ಜರಡಿ ಇದ್ದ ಹಾಗೆ. ಸ್ವಲ್ಪ ಗಾಳಿಯನ್ನು ಒಳಗೆ ಬಿಟ್ಟು ಅದರ ರಭಸ ತಗ್ಗಿಸುತ್ತದೆ. ಬೇಲಿಯ ಎಲೆ, ರೆಂಬೆಗಳ ನಡುವೆ ಶೇ 40ರಿಂದ 50ರಷ್ಟು ಸಂದಿ ಇರಲಿ.

ಮೊದಲು ಗಾಳಿಯ ದಾರಿ ನೋಡಿ. ಅಲ್ಲಲ್ಲಿ ಕೋಲು ನೆಟ್ಟು ಬಟ್ಟೆಯ ಚೂರು ಕಟ್ಟಿ. ಜೋರು ಗಾಳಿ ಯಾವ ಕಡೆಯಿಂದ ಬರುತ್ತದೋ ಅದಕ್ಕೆ ಅಡ್ಡವಾಗಿ ಸಾಲು ಬರಬೇಕು. ಬೇಲಿಯ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಚೆನ್ನಾಗಿ ಆಸರೆ ಸಿಗುತ್ತದೆ. 4 ಮೀಟರ್ ಬೇಲಿಗೆ 40 ಮೀಟರ್. ಸಾಲಿನ ತುದಿಗಳಲ್ಲಿ ಗಾಳಿ ಸುತ್ತಿ ಬರುವುದರಿಂದ ಸಾಲನ್ನು ತೋಟಕ್ಕಿಂತ ಉದ್ದ ಮಾಡಿ. ಸಾಲಿನ ನಡುವೆ ಗಿಡವೇ ಇಲ್ಲದ ಖಾಲಿ ಜಾಗ ಬಿಡಬೇಡಿ, ಅಲ್ಲಿ ಗಾಳಿ ಇನ್ನೂ ಜಾಸ್ತಿ ನುಗ್ಗುತ್ತದೆ.

ಜಾಗವಿದ್ದರೆ ಎರಡು ಸಾಲು ಹಾಕಿ: ಗಾಳಿ ಬರುವ ಕಡೆ ಪೊದೆ, ಅದರ ಹಿಂದೆ ಮರ. ಒಂದು ಸಾಲಿನ ಸಂದಿಗೆ ಎದುರಾಗಿ ಇನ್ನೊಂದು ಸಾಲಿನ ಗಿಡ ಬರಲಿ. ಮರದ ಕೆಳಗಿನ ರೆಂಬೆ ಕಡಿಯಬೇಡಿ. ಕಡಿದರೆ ಗಾಳಿ ಬುಡದಲ್ಲೇ ನುಸುಳುತ್ತದೆ.

ಆಳೆತ್ತರದ ಸಸಿ ತಂದರೆ ಬೇಗ ಬೇಲಿ ಆಗುತ್ತದೆ ಅನ್ನಿಸುತ್ತದೆ. ದಯವಿಟ್ಟು ಆ ಆಸೆ ಬಿಡಿ. ಅದರ ತಲೆ ದೊಡ್ಡದು, ಬೇರು ಚಿಕ್ಕದು. ಮೊಣಕಾಲೆತ್ತರದ ಸಸಿ ಬೇಗ ಬೇರೂರುತ್ತದೆ, ಎಷ್ಟೋ ಸಲ ಕೆಲವೇ ವರ್ಷಗಳಲ್ಲಿ ದೊಡ್ಡದನ್ನು ಹಿಂದೆ ಹಾಕುತ್ತದೆ. ನೆಡುವಾಗ ಚೀಲದೊಳಗೆ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ. ಕಾಂಡದ ಬುಡವನ್ನು ಮಣ್ಣಿನಲ್ಲಿ ಹೂಳಬೇಡಿ.

ಇನ್ನು ಊರುಗೋಲು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಸಸಿಯನ್ನು ತುದಿಯವರೆಗೆ ಬಿಗಿಯಾಗಿ ಕಟ್ಟಿದರೆ ಕಾಂಡ ತೆಳ್ಳಗೇ ಉಳಿಯುತ್ತದೆ. ಕಾಂಡ ದಪ್ಪವಾಗಲು ಅದು ತೂಗಾಡಬೇಕು. ಅಲುಗಾಡಬಾರದ್ದು ಬೇರು ಮಾತ್ರ. ಆದ್ದರಿಂದ ಸಸಿಯ ಎತ್ತರದ ಮೂರನೇ ಒಂದು ಭಾಗದಲ್ಲಿ, ಅಗಲ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಇದೆಲ್ಲ ದೊಡ್ಡ ಸಸಿ ನೆಟ್ಟಿದ್ದರೆ ಮಾತ್ರ, ಚಿಕ್ಕ ಸಸಿಗೆ ಕೋಲೇ ಬೇಡ.

ಗಾಳಿ ಎಲೆಯ ನೀರನ್ನೂ ಹೀರುತ್ತದೆ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ. ದಿನವೂ ಸುಮ್ನೆ ಚಿಮುಕಿಸುವ ಬದಲು ಬಿಟ್ಟು ಬಿಟ್ಟು ಆಳಕ್ಕೆ ನೀರುಣಿಸಿ. ಮೊದಲ ಒಂದೆರಡು ವರ್ಷ ಗಾಳಿ ಬರುವ ಕಡೆಗೆ ನೆರಳು ಬಲೆ ಕಟ್ಟಿದರೆ ಸಸಿಗಳಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ವರ್ಷ ಕಳೆದ ಮೇಲೆ ಕಟ್ಟು ಬಿಚ್ಚಿ, ಕಾಂಡ ಹಿಡಿದು ಮೆಲ್ಲಗೆ ಅಲುಗಾಡಿಸಿ. ಬುಡದ ಮಣ್ಣು ಬಿರಿದರೆ ಮತ್ತೆ ಸಡಿಲವಾಗಿ ಕಟ್ಟಿ, ಇನ್ನೊಂದು ಮಳೆಗಾಲ ಬಿಡಿ. ಮಣ್ಣು ಕದಲದಿದ್ದರೆ ಕೋಲು ಕಿತ್ತುಬಿಡಿ.