ಲಿವರ್ ಹಿಡಿದರೂ ಕ್ಲಚ್ ಬಿಡುತ್ತಿರಲಿಲ್ಲ

ಪುಣೆ ಪಕ್ಕದ ಪಿಂಪ್ರಿಯ ನಮ್ಮ ಮನೆ ಮುಂದೆಯೇ ಕೂತು ಬೈಕಿಗೆ ಹೊಸ ಕ್ಲಚ್ ಪ್ಲೇಟ್ ಹಾಕಿ ಕವರ್ ಮುಚ್ಚಿದೆ. ಲಿವರ್ ಪೂರ್ತಿ ಹಿಡಿದು ಫಸ್ಟ್ ಗೇರ್ ಹಾಕಿದೆ. ಗಾಡಿ ಧಡಕ್ಕನೆ ಮುಂದೆ ಜಿಗಿದು ಬಂದ್ ಬಿತ್ತು.

ಮೊದಲು ಕೇಬಲ್ ನೋಡಿದೆ. ಲಿವರ್ ತುದಿಯಲ್ಲಿ ಸುಮಾರು 10 ಮಿ.ಮೀ. ಸಡಿಲು (ಆಟ) ಇತ್ತು, ತೊಂದರೆ ಅಲ್ಲಿರಲಿಲ್ಲ. ಪಕ್ಕದ ಮನೆಯ ಕಾಕಾ, ಇಂಡಿ ಕಡೆಯವರು, ಬಂದು ಒಂದೇ ಮಾತು ಕೇಳಿದರು: "ಪ್ಲೇಟ್ ಎಣ್ಣ್ಯಾಗ ನೆನಿ ಹಾಕಿದ್ಯೇನೋ ತಮ್ಮಾ?"

ಹಾಕಿರಲಿಲ್ಲ. ಆಯಿಲ್ ಇಳಿಸಿ ಮತ್ತೆ ಬಿಚ್ಚಿದೆ. ಫ್ರಿಕ್ಷನ್ ಪ್ಲೇಟಿನ (ಸ್ಟೀಲ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ಲೇಟು) ಕಂದು ಮೈ ನಡುವೆ ಇನ್ನೂ ಒಣಗಿಯೇ ಇತ್ತು. ಸ್ಟೀಲ್ ಪ್ಲೇಟಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ಉಗುರು ತೂರಿಸಿ ಬಿಡಿಸಬೇಕಾಯಿತು. ಲಿವರ್ ಹಿಡಿದು ಸ್ಪ್ರಿಂಗ್ ಒತ್ತಡ ಸಡಿಲಾದರೂ ಹೀಗೆ ಅಂಟಿದ ಪ್ಲೇಟು ಬಿಡುವುದಿಲ್ಲ. ರಾತ್ರಿಯಿಡೀ ಎಂಜಿನ್ ಆಯಿಲ್‌ನಲ್ಲಿ ನೆನೆಸಿಟ್ಟೆ. ಕಾರಿನ ಆಯಿಲ್ ದಯವಿಟ್ಟು ಹಾಕಬೇಡಿ, ಕ್ಲಚ್ ಜಾರುವ ಭಯವಿದೆ. ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ 'ಜಾಸೊ ಎಂಎ' (JASO MA) ಅಥವಾ 'ಎಂಎ2' ಇರುವುದನ್ನೇ ತನ್ನಿ.

ಬಿಚ್ಚಿದ್ದಕ್ಕೆ ಇನ್ನೊಂದು ತಪ್ಪೂ ಸಿಕ್ಕಿತು. ನನ್ನ ಗಾಡಿಯಲ್ಲಿ ಹೊರಗಿನ ಕೊನೆಯ ಪ್ಲೇಟಿನ ಹಲ್ಲು ಬಾಸ್ಕೆಟ್ಟಿನ (ಪ್ಲೇಟುಗಳು ಕೂರುವ ಬುಟ್ಟಿಯಂಥ ಭಾಗ) ಗಿಡ್ಡ ಕಚ್ಚಿನಲ್ಲಿ ಕೂರಬೇಕು. ನಾನು ಉದ್ದನೆಯದರಲ್ಲೇ ಕೂರಿಸಿದ್ದೆ. ಸ್ಪ್ರಿಂಗ್ ಬೋಲ್ಟ್‌ಗಳನ್ನು ಈ ಸಲ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ.

ಮರುದಿನ ಚಿಂಚ್ವಾಡದ ಸಿಗ್ನಲ್‌ನಲ್ಲಿ ನಿಂತಾಗ ಗೇರಿಗೆ ಕಾಲಿನ ಹೆಬ್ಬೆರಳು ಮುಟ್ಟಿಸಿದೊಡನೆ ನ್ಯೂಟ್ರಲ್ ಸಿಕ್ಕಿತು. ಸಂಜೆ ಕಾಕಾರಿಗೆ ಗಾಡಿ ಕೊಟ್ಟು ಒಂದು ಸುತ್ತು ಹೊಡೆಸಿದೆ.