ಭಾನುವಾರಕ್ಕೆ ಆರು ಜನ

ಶನಿವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತೆಂದರೆ ಎತ್ತುವ ಮೊದಲೇ ನನಗೆ ವಿಷಯ ಗೊತ್ತು. "ಅಕ್ಕಾ, ನಾಳೆ ನನ್ನಿಂದ ಆಗಲ್ಲ. ಕಾಫಿ ಕುಯ್ಯೋದಕ್ಕೆ ಆಳು ಬಂದಿದ್ದಾರೆ, ಈಗ ಬಿಟ್ಟರೆ ಮತ್ತೆ ಸಿಗಲ್ಲ." ಸಿಟ್ಟು ಮಾಡುವ ಹಾಗೂ ಇಲ್ಲ. ರೋಬಸ್ಟಾ ಗಿಡದಲ್ಲೇ ಹಣ್ಣಾಗಿ ನಿಂತಿರುವಾಗ ಆಳು ಸಿಗುವುದೆಂದರೆ ಸಣ್ಣ ಮಾತಲ್ಲ, ಅದರ ಮುಂದೆ ಟೆನಿಸ್ ಯಾವ ಲೆಕ್ಕ. "ಸರಿ, ಕುಯ್ಸು" ಎಂದು ಫೋನ್ ಇಡುತ್ತೇನೆ. ಆಮೇಲೆ ಡೈರಿ ತೆಗೆದು ಒಂದು ಹೆಸರು ಹೊಡೆದುಹಾಕುತ್ತೇನೆ. ಐದು ಉಳಿಯಿತು. ಬೇಕಾದದ್ದು ಆರು.

ನಮ್ಮ ಲೀಗ್ ಎಂದರೆ ದೊಡ್ಡದೇನಲ್ಲ. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ, ಕುಶಾಲನಗರದ ಹೆಂಗಸರು ನಾಲ್ಕು ತಂಡ ಮಾಡಿಕೊಂಡಿದ್ದೇವೆ. ಒಂದು ಸಲ ಅವರು ನಮ್ಮಲ್ಲಿಗೆ, ಒಂದು ಸಲ ನಾವು ಅವರಲ್ಲಿಗೆ. ಪ್ರತಿ ಪಂದ್ಯಕ್ಕೆ ಮೂರು ಡಬಲ್ಸ್, ಅಂದರೆ ಆರು ಜನ. ಮೂರರಲ್ಲಿ ಎರಡು ಗೆದ್ದವರು ಗೆದ್ದ ಹಾಗೆ. ಆಳು ಕಡಿಮೆ ಬಿದ್ದರೆ ಮೂರನೇ ಜೋಡಿಯನ್ನು ಬಿಟ್ಟುಕೊಡಬೇಕು. ಮೊದಲನೆಯದನ್ನು ಬಿಟ್ಟು ಗಟ್ಟಿ ಆಟಗಾರ್ತಿಯರನ್ನು ಕೆಳಗಿಳಿಸುವ ಉಪಾಯ ನಡೆಯುವುದಿಲ್ಲ.

ಯಾವ ತಿಂಗಳಲ್ಲಿ ಆಡುವುದು ಎನ್ನುವುದೇ ಮೊದಲ ಜಗಳವಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಯಲಲ್ಲಿ ಟೆನಿಸ್ ಆಡುತ್ತೇನೆ ಎಂದರೆ ನಗುತ್ತಾರೆ. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ, ಹಿಂಗಾರು ಮಳೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ನಡುವೆ ನಮ್ಮ ಸುಗ್ಗಿ ಹಬ್ಬ ಪುತ್ತರಿ, ಅದು ಮುಗಿಯುವಾಗ ರೋಬಸ್ಟಾ, ಜೊತೆಗೆ ಕರಿಮೆಣಸು. ಏಪ್ರಿಲ್, ಮೇ ಎಂದರೆ ಮದುವೆಗಳು ಮತ್ತು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಾಕಿಹಬ್ಬದ ದಿನಗಳಲ್ಲಿ ಬೇರೆ ಆಟದ ಹೆಸರೆತ್ತುವುದೇ ತಪ್ಪು. ಕೊನೆಗೆ ಡಿಸೆಂಬರ್‌ನಿಂದ ಮಾರ್ಚ್ ಎಂದು ಒಪ್ಪಿಕೊಂಡೆವು. ಬಿಡುವಿದೆ ಎಂದಲ್ಲ, ಮಳೆ ಇಲ್ಲ ಎನ್ನುವ ಒಂದೇ ಕಾರಣಕ್ಕೆ.

ನಾನು ಮೆಡಿಕಲ್ ಶಾಪ್ ಇಟ್ಟುಕೊಂಡವಳು. ಭಾನುವಾರ ಗೋಣಿಕೊಪ್ಪದ ಸಂತೆ. ನನಗೆ ವಾರದ ಅರ್ಧ ವ್ಯಾಪಾರ ಆವತ್ತೇ. ಹಾಗಾಗಿ ಪಂದ್ಯ ಬೆಳಿಗ್ಗೆ ಏಳಕ್ಕೆ ಎಂದು ಹಟ ಹಿಡಿದವಳು ನಾನೇ. ಟೆನಿಸ್ ಹಿಡಿದದ್ದು ಮೂವತ್ತೆಂಟನೇ ವಯಸ್ಸಿನಲ್ಲಿ. ಮಗನನ್ನು ಕೋಚಿಂಗಿಗೆ ಬಿಟ್ಟು ತಂತಿ ಬೇಲಿಯ ಹೊರಗೆ ನಿಲ್ಲುತ್ತಿದ್ದೆ. ಅಲ್ಲಿ ಕೋರ್ಟ್ ನೋಡಿಕೊಂಡು ಆಡಿಸುವ ಮಾರ್ಕರ್ ಒಂದು ದಿನ, "ಮೇಡಂ, ಹೊರಗೆ ನಿಂತು ಸೊಳ್ಳೆ ಕಚ್ಚಿಸಿಕೊಳ್ಳೋ ಬದಲು ಒಳಗೆ ಬನ್ನಿ" ಎಂದು ಒಂದು ಹಳೆಯ ರ‍್ಯಾಕೆಟ್ ಕೊಟ್ಟ. ಮೂರು ತಿಂಗಳು ಗೋಡೆಗೇ ಹೊಡೆದೆ. ಮಗ ಆಮೇಲೆ ಕ್ರಿಕೆಟ್ಟಿಗೆ ಹೋದ, ನಾನು ಉಳಿದೆ.

ತಂಡದ ಮಾತು ಹುಟ್ಟಿದ್ದು 2024ರ ಜನವರಿಯಲ್ಲಿ, ನನ್ನ ಅಂಗಡಿಯ ಕಟ್ಟೆಯ ಮೇಲೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ನಲವತ್ತಮೂರರಲ್ಲಿ ಡಬಲ್ಸಿನ ವಿಶ್ವದ ನಂಬರ್ ಒನ್ ಆದ ವಾರ ಅದು. ಇಡೀ ಕೊಡಗು ಅದನ್ನೇ ಮಾತಾಡುತ್ತಿತ್ತು. ಬ್ಯಾಂಕಿನಿಂದ ನಿವೃತ್ತರಾದ ಅಕ್ಕ ಒಬ್ಬರು ಮಂಡಿನೋವಿನ ಮುಲಾಮು ತೆಗೆದುಕೊಳ್ಳಲು ಬಂದಿದ್ದರು. "ಅವರ ಮಂಡಿ ಸವೆದು ಹೋಗಿತ್ತಂತೆ, ಅಯ್ಯಂಗಾರ್ ಯೋಗ ಮಾಡಿ ಸರಿ ಮಾಡಿಕೊಂಡರಂತೆ. ನಿನ್ನ ಟ್ಯೂಬ್ ತಿಕ್ಕಿ ನನಗೆ ಏನಾಯಿತು?" ಎಂದರು. ಆಮೇಲೆ, "ಡಬಲ್ಸ್ ಅಂದರೆ ಅರ್ಧ ಕೋರ್ಟ್ ಓಡಿದರೆ ಸಾಕಲ್ಲ, ಒಂದು ತಂಡ ಮಾಡುವನಾ?" ತಂಡ ಕಟ್ಟಿದವರು ಅವರು. ನಾನು ಕ್ಯಾಪ್ಟನ್ ಆದದ್ದು, ಎಲ್ಲರ ಫೋನ್ ನಂಬರ್ ನನ್ನಲ್ಲಿತ್ತು ಎನ್ನುವ ಕಾರಣಕ್ಕೆ ಮಾತ್ರ.

ಕೋರ್ಟ್ ಸಿದ್ಧ ಮಾಡುವ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ಹೆಚ್ಚು ಬೆವರು ಹರಿದದ್ದು ಅಲ್ಲಿ. ನಮ್ಮದು ಮಣ್ಣಿನ ಕೋರ್ಟ್. ನಾಲ್ಕು ತಿಂಗಳ ಮಳೆ ಮುಗಿಯುವಾಗ ಅರ್ಧ ಪಾಚಿ, ಅರ್ಧ ಹುಲ್ಲು. ಕೆತ್ತಿ, ಹೊಸ ಮಣ್ಣು ಹಾಕಿ, ನೀರು ಬಿಟ್ಟು, ರೋಲರ್ ಎಳೆದು, ಸುಣ್ಣದ ಗೆರೆ ಎಳೆಯಬೇಕು. ಉದ್ದ 78 ಅಡಿ, ಡಬಲ್ಸಿನ ಅಗಲ 36 ಅಡಿ. ಮೊದಲ ವರ್ಷ ಟೇಪ್ ಹಿಡಿದು ಅಳೆದೇ ಗೆರೆ ಹಾಕಿದೆವು, ಆದರೂ ಕೋರ್ಟ್ ಓರೆಯಾಯಿತು. ಮೂಲೆಯಿಂದ ಮೂಲೆಗೆ ಅಳೆಯಬೇಕಿತ್ತು. ಎರಡು ಕಡೆಯಿಂದಲೂ ಹೆಚ್ಚುಕಡಿಮೆ 85 ಅಡಿ 11 ಇಂಚು ಬಂದರೆ ಮೂಲೆ ನೇರವಾಗಿದೆ ಎಂದರ್ಥ. ಇದನ್ನು ತಿದ್ದಿದವರು ನಮ್ಮ ತಂಡದ ಗಣಿತದ ಟೀಚರ್. ನೆಟ್ಟಿನ ನಡುವಿನ ಎತ್ತರ 3 ಅಡಿ ಇರಬೇಕು. ಅದಕ್ಕೆ ಟೇಪ್ ಬೇಡ: ಒಂದು ರ‍್ಯಾಕೆಟ್ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಇನ್ನೊಂದರ ತಲೆಯನ್ನು ಅಡ್ಡ ಇಟ್ಟರೆ 27 ಮತ್ತು ಸುಮಾರು 9 ಇಂಚು ಸೇರಿ ಲೆಕ್ಕ ಸರಿಹೋಗುತ್ತದೆ.

ಚೆಂಡಿಗೂ ನನ್ನದೊಂದು ಪರೀಕ್ಷೆ ಇದೆ. 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಹೊಸ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು ಎನ್ನುವುದು ನಿಯಮ. ನನ್ನ ಅಂಗಡಿಯ ಮೇಲಿನ ರ‍್ಯಾಕ್ ಹೆಚ್ಚುಕಡಿಮೆ ಅಷ್ಟೇ ಎತ್ತರ. ಏಣಿ ಹತ್ತಿ ಅಲ್ಲಿಂದ ಬಿಡುತ್ತೇನೆ. ಕೌಂಟರ್ ಎತ್ತರ ಮುಟ್ಟದ ಚೆಂಡು ಅಭ್ಯಾಸಕ್ಕೆ. ಗಿರಾಕಿಗಳು ಏನೆಂದುಕೊಂಡರೋ ಕೇಳಲಿಲ್ಲ.

ಇನ್ನು ಆಟ. ನಮ್ಮಲ್ಲಿ ನಾಲ್ವರು ಶಾಲೆಯಲ್ಲಿ ಹಾಕಿ ಆಡಿದವರು. ಹೆಣ್ಣುಮಕ್ಕಳು ಮೈದಾನಕ್ಕಿಳಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಆ ಮಟ್ಟಿಗೆ ನಾವು ಪುಣ್ಯವಂತರು. ಓಟ, ದಮ್ಮು, ಕೂಗು ಎಲ್ಲಾ ಇತ್ತು. ಆದರೆ ಕೈ ಹಾಕಿಯದೇ. ಮಂಡಿಯ ಕೆಳಗೆ ಬಂದ ಚೆಂಡನ್ನು ಮಣಿಕಟ್ಟು ತಿರುಗಿಸಿ ಚೆನ್ನಾಗಿ ಎತ್ತುತ್ತಾರೆ, ಭುಜದ ಮೇಲೆ ಬಂದರೆ ದಿಕ್ಕೆಟ್ಟು ನಿಲ್ಲುತ್ತಾರೆ. ಎದುರಿನವರಿಗೆ ಇದು ಎರಡೇ ಗೇಮಿನಲ್ಲಿ ಗೊತ್ತಾಯಿತು. ತಲೆಯ ಮೇಲಿಂದ ಎತ್ತಿ ಹಾಕುವ ಲಾಬ್ ಮೇಲೆ ಲಾಬ್. ಮೊದಲ ಮೂರು ಪಂದ್ಯ ಹಾಗೆಯೇ ಸೋತೆವು.

ಆ ಸೋಲುಗಳಲ್ಲಿ ನನ್ನ ಪಾಲು ದೊಡ್ಡದು. ಚೆನ್ನಾಗಿ ಆಡುವ ಇಬ್ಬರನ್ನು ಒಟ್ಟಿಗೆ ಹಾಕಿ ಮೊದಲ ಜೋಡಿ, ನಂತರದ ಇಬ್ಬರು ಎರಡನೇ ಜೋಡಿ, ಉಳಿದವರು ಮೂರನೆಯದು ಎಂದು ಅಂಕಪಟ್ಟಿ ಮಾಡಿದ ಹಾಗೆ ಪಟ್ಟಿ ಮಾಡಿದ್ದೆ. ಗಟ್ಟಿಗರಿಬ್ಬರೂ ಹಿಂದಿನ ಗೆರೆಯಲ್ಲೇ ನಿಂತು ಬೀಸುತ್ತಿದ್ದರು, ನೆಟ್ ಹತ್ತಿರ ಯಾರೂ ಇಲ್ಲ. ಅವರನ್ನು ಸೋಲಿಸಿದ್ದು ಐವತ್ತು ದಾಟಿದ ಇಬ್ಬರು. ಒಬ್ಬರು ಚೆಂಡನ್ನು ತಪ್ಪದೆ ಒಳಗೆ ಹಾಕುತ್ತಿದ್ದರು, ಇನ್ನೊಬ್ಬರು ನೆಟ್ಟಿಗೆ ಅಂಟಿಕೊಂಡು ಕೈ ಚಾಚುತ್ತಿದ್ದರು, ಅಷ್ಟೇ. ಆವತ್ತಿನಿಂದ ಔಷಧ ಕಂಪನಿಯವರು ಕೊಟ್ಟ ಡೈರಿಯಲ್ಲಿ ನಾನು ಬರೆಯುವ ವಿಷಯವೇ ಬದಲಾಯಿತು. ಯಾರು ಎಷ್ಟು ಜೋರಾಗಿ ಹೊಡೆಯುತ್ತಾರೆ ಎನ್ನುವುದನ್ನು ಬಿಟ್ಟೆ. ಯಾರ ಪಕ್ಕದಲ್ಲಿ ಯಾರು ಮಾತಾಡುತ್ತಾರೆ, ತಪ್ಪು ಮಾಡಿದಾಗ ಯಾರು ಯಾರನ್ನು ದುರುಗುಟ್ಟುತ್ತಾರೆ, ಸರ್ವೀಸ್ ತಪ್ಪಿದರೆ ಯಾರು ಮುಂದಿನ ಹತ್ತು ನಿಮಿಷ ಸಪ್ಪಗಾಗುತ್ತಾರೆ, ಇದನ್ನೇ ಬರೆಯತೊಡಗಿದೆ.

ಎಡಗೈಯ ಹುಡುಗಿಯೊಬ್ಬಳಿದ್ದಾಳೆ, ಕಾಲೇಜು ಮುಗಿಸಿ ಹೋಂಸ್ಟೇ ನೋಡಿಕೊಳ್ಳುವವಳು. ಅವಳನ್ನು ಎಡಬದಿಗೇ ನಿಲ್ಲಿಸುತ್ತಿದ್ದೆ. ಬದಿಗೆ ಹೋಗುವ ಚೆಂಡುಗಳೇನೋ ಸಿಗುತ್ತಿದ್ದವು, ಆದರೆ ನಡುವೆ ಬಂದದ್ದು ಇಬ್ಬರಿಗೂ ಬ್ಯಾಕ್‌ಹ್ಯಾಂಡ್. ಬಲಬದಿಗೆ ಹಾಕಿ ನೋಡಿದೆ. ಇಬ್ಬರ ಫೋರ್‌ಹ್ಯಾಂಡೂ ನಡುವಿಗೆ ಬಂತು. ಈಗ ಇಬ್ಬರೂ ಒಂದೇ ಚೆಂಡಿಗೆ ನುಗ್ಗತೊಡಗಿದರು! ಕೂಗಿ ಹೇಳಿ ಎಂದರೆ ಅದೂ ತಾಪತ್ರಯ. ನಮ್ಮ ಆರೇಳು ಜನರಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲಾ ಇದೆ, ಗಡಿಬಿಡಿಯಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಕೊನೆಗೆ ಎರಡೇ ಪದ ಎಂದು ಕಟ್ಟುನಿಟ್ಟು ಮಾಡಿದೆ: "ನಂದು", "ಬಿಡು". ಬೇರೆ ಏನು ಕೂಗಿದರೂ ಕಾಫಿ ಅವರ ಲೆಕ್ಕಕ್ಕೆ.

ನಮ್ಮಲ್ಲಿ ಅಂಪೈರ್ ಇಲ್ಲ. ನಮ್ಮ ಕಡೆ ಬಿದ್ದ ಚೆಂಡನ್ನು ನಾವೇ ಹೇಳಬೇಕು, ಸಂಶಯ ಬಂದರೆ ಎದುರಿನವರಿಗೆ ಒಳಗೆ ಎಂದೇ ಕೊಡಬೇಕು. ಒಮ್ಮೆ ಸೂಪರ್ ಟೈಬ್ರೇಕಿನಲ್ಲಿ, ಅಂದರೆ ಸೆಟ್ ಸಮವಾದಾಗ ಆಡುವ ನಿರ್ಣಾಯಕ ಆಟದಲ್ಲಿ, ನಾನು "ಔಟ್" ಎಂದೆ. ಆಮೇಲೆ ಚೆಂಡು ಹೆಕ್ಕಲು ಹೋದರೆ ಸುಣ್ಣದ ಗೆರೆಯ ಅಂಚು ಕೆದರಿದೆ. ಆಟ ಮುಂದೆ ಹೋಗಿತ್ತು, ನಾನು ಬಾಯಿ ಬಿಡಲಿಲ್ಲ. ಆ ಪಂದ್ಯ ಗೆದ್ದೆವು. ಆ ಗೆರೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಮೂರನೇ ಸೆಟ್ ಬದಲಿಗೆ ನಾವು ಹತ್ತು ಪಾಯಿಂಟಿನ ಟೈಬ್ರೇಕ್ ಆಡುತ್ತೇವೆ, ಎರಡರ ಅಂತರ ಬೇಕು. ನಲವತ್ತು-ನಲವತ್ತು ಆದಾಗ ಸತತ ಎರಡು ಪಾಯಿಂಟ್ ಗೆಲ್ಲಬೇಕೆನ್ನುವ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟಿಗೆ ಗೇಮ್ ತೀರ್ಮಾನ. ಆ ಸರ್ವೀಸನ್ನು ತಮ್ಮಲ್ಲಿ ಯಾರು ಎದುರಿಸಬೇಕೆಂದು ಎದುರಿನ ಜೋಡಿಯೇ ಆರಿಸಿಕೊಳ್ಳುತ್ತದೆ. ಎಲ್ಲಾ ನನ್ನ ಅಂಗಡಿ ತೆರೆಯುವ ಹೊತ್ತಿಗೆ ಮುಗಿಯಲಿ ಎಂದು ಮಾಡಿದ್ದು. ಆದರೆ ಟೈಬ್ರೇಕಿನಲ್ಲಿ ಮೊದಲು ಒಬ್ಬರು ಒಂದು ಸರ್ವೀಸ್, ಆಮೇಲೆ ಎರಡೆರಡು ಎನ್ನುವ ಸರದಿ ಯಾರಿಗೂ ತಲೆಯಲ್ಲಿ ನಿಲ್ಲುವುದಿಲ್ಲ. ಒಮ್ಮೆ ಸರದಿ ತಪ್ಪಿದ್ದು ಏಳನೇ ಪಾಯಿಂಟ್ ಆದ ಮೇಲೆ ಗೊತ್ತಾಗಿ, ಎರಡೂ ತಂಡ ನೆಟ್ ಹತ್ತಿರ ಸಂತೆಯ ಹಾಗೆ ನಿಂತಿತು. ನಿಯಮ ಸರಳ: ಸಮಸಂಖ್ಯೆ ಪಾಯಿಂಟ್ ಆಗಿದ್ದರೆ ತಕ್ಷಣ ಸರಿಮಾಡಿ, ಬೆಸ ಆಗಿದ್ದರೆ ತಪ್ಪಿದ ಸರದಿಯಲ್ಲೇ ಮುಂದುವರಿಸಿ. ಅದನ್ನು ಈಗ ಡೈರಿಯ ರಟ್ಟಿನ ಒಳಗೆ ಅಂಟಿಸಿದ್ದೇನೆ.

ಮಡಿಕೇರಿಗೆ ಹೋಗುವ ದಿನ ನಾಲ್ಕೂವರೆಗೆ ಏಳಬೇಕು. ಎತ್ತರದ ಊರು, ಗಾಳಿ ತೆಳು, ಚೆಂಡು ಹಾರುತ್ತದೆ ಎಂದು ನಾನು ಓದಿಕೊಂಡು ಹೋಗಿ ಎಲ್ಲರಿಗೂ ಪಾಠ ಮಾಡಿದ್ದೆ. 4,000 ಅಡಿಗಿಂತ ಮೇಲಿನ ಊರುಗಳಿಗೆಂದೇ ಬೇರೆ ಚೆಂಡು ಇದೆ, ಮಡಿಕೇರಿ ಅದಕ್ಕೆ ತುಸು ಕೆಳಗೆ ಎಂದೂ ಹೇಳಿದೆ. ಹೋಗಿ ನೋಡಿದರೆ ಮಂಜು. ಎರಡೇ ಗೇಮಿನಲ್ಲಿ ಚೆಂಡಿನ ರೋಮ ನೀರು ಕುಡಿದು ಒದ್ದೆ ಬಟ್ಟೆಯ ಉಂಡೆಯ ಹಾಗಾಯಿತು. ಹಾರುವುದು ಹೋಗಲಿ, ನೆಟ್ ದಾಟಿಸಿದ್ದೇ ಸಾಹಸ. ಪಾಠದ ವಿಷಯವನ್ನು ವಾಪಸು ಬರುವಾಗ ದಾರಿಯುದ್ದಕ್ಕೂ ನೆನಪಿಸಿದರು.

ಬ್ಯಾಂಕಿನ ಅಕ್ಕನ ವಿಷಯಕ್ಕೆ ಬರುತ್ತೇನೆ. ತಂಡ ಅವರದ್ದು, ಓಮ್ನಿ ಅವರದ್ದು, ಪಂದ್ಯ ಮುಗಿದ ಮೇಲಿನ ಅಕ್ಕಿ ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ), ಚಟ್ನಿಯೂ ಅವರದ್ದೇ. ಆದರೆ ಎರಡನೇ ವರ್ಷ ಅವರ ಮಂಡಿ ನಿಜಕ್ಕೂ ಕೈಕೊಟ್ಟಿತ್ತು. ಕುಶಾಲನಗರದ ಜೊತೆಗಿನ ಪಂದ್ಯ ಗೆಲ್ಲಲೇಬೇಕಿತ್ತು, ಆವತ್ತು ಅಪರೂಪಕ್ಕೆ ಏಳು ಜನ ಇದ್ದೆವು. ಅವರ ಹೆಸರು ಬಿಟ್ಟೆ. ಬಿಟ್ಟದ್ದು ತಪ್ಪಲ್ಲ, ಇವತ್ತೂ ಹಾಗೇ ಮಾಡುತ್ತೇನೆ. ಬಿಟ್ಟ ರೀತಿ ತಪ್ಪು. ರಾತ್ರಿ ಅಂಗಡಿ ಮುಚ್ಚುವ ಗಡಿಬಿಡಿಯಲ್ಲಿ ಆರು ಹೆಸರು ವಾಟ್ಸಾಪ್ ಗ್ರೂಪಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅವರು ಗ್ರೂಪ್ ಬಿಟ್ಟಿದ್ದರು.

ಪಂದ್ಯ ಗೆದ್ದೆವು, ಯಾರ ಮುಖದಲ್ಲೂ ಗೆಲುವಿರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಕಣದಲ್ಲಿ ಕರಿಮೆಣಸು ಒಣಗಲು ಹಾಕಿ ಕಾಲಲ್ಲಿ ಕೆದಕುತ್ತಿದ್ದರು. ಕೂತ್ಕೊ ಎನ್ನಲಿಲ್ಲ. ನಾನೂ ಚಪ್ಪಲಿ ಬಿಟ್ಟು ಕೆದಕಲು ನಿಂತೆ. ಎಷ್ಟೋ ಹೊತ್ತಾದ ಮೇಲೆ, "ನನ್ನ ಮಂಡಿ ಹೇಗಿದೆ ಅಂತ ನಿನ್ನಷ್ಟು ಬೇರೆ ಯಾರಿಗೆ ಗೊತ್ತು? ಬಾಯಿಬಿಟ್ಟು ಹೇಳಿದ್ದರೆ ಒಟ್ಟಿ ತಗೊಂಡು ಬರ್ತಿದ್ದೆ ಮಾರಾಯ್ತಿ" ಎಂದರು. ಅಷ್ಟೇ. ಕಾಫಿ ಕೊಟ್ಟರು. ಗ್ರೂಪಿಗೆ ಮಾತ್ರ ವಾಪಸು ಬರಲಿಲ್ಲ. ಅಂದಿನಿಂದ ಪಟ್ಟಿಯಲ್ಲಿ ಇಲ್ಲದವರಿಗೆ ಮೊದಲು ಫೋನ್ ಮಾಡುತ್ತೇನೆ, ಇರುವವರಿಗೆ ಆಮೇಲೆ.

ಈ ಫೆಬ್ರವರಿಯ ಆ ಶನಿವಾರ ಐದು ಜನ ಉಳಿದಾಗ ಡೈರಿಯಲ್ಲಿ ಬೇರೆ ಹೆಸರಿರಲಿಲ್ಲ. ಹತ್ತು ಗಂಟೆಗೆ ಅವರಿಗೇ ಮಾಡಿದೆ. ನಾನು ಪೀಠಿಕೆ ಹಾಕುವಷ್ಟರಲ್ಲಿ, "ಎಷ್ಟು ಗಂಟೆಗೆ?" ಎಂದರು.

ಮೂರನೇ ಜೋಡಿ ನಾವಿಬ್ಬರು. ಅವರು ನೆಟ್ ಹತ್ತಿರ ಅಲುಗಾಡದೆ ನಿಂತರು, ಹಿಂದೆ ಬಿದ್ದದ್ದೆಲ್ಲಾ ನನ್ನ ಪಾಲು. ಟೈಬ್ರೇಕಿನಲ್ಲಿ 8-10ಕ್ಕೆ ಸೋತೆವು. ಕೊನೆಯ ಪಾಯಿಂಟಿಗೆ ಅವರು "ನಂದು" ಎಂದು ಕೂಗಿ ಚೆಂಡು ಬಿಟ್ಟರು. ಉಳಿದೆರಡು ಜೋಡಿ ಗೆದ್ದದ್ದರಿಂದ ಪಂದ್ಯ ನಮ್ಮದಾಯಿತು. ಬರುವ ದಾರಿಯಲ್ಲಿ ಸಂತೆ ಹತ್ತಿರ ಓಮ್ನಿ ನಿಲ್ಲಿಸಿ ಒಣಮೀನು ಚೌಕಾಸಿ ಮಾಡುತ್ತಾ ನಿಂತುಬಿಟ್ಟರು. ನಾನು ಅಂಗಡಿಯ ಶಟರ್ ಎತ್ತುವಾಗ ಹತ್ತೂವರೆ. ಕಾದು ನಿಂತಿದ್ದ ಮೊದಲ ಗಿರಾಕಿ ಮಂಡಿನೋವಿನ ಮುಲಾಮು ಕೇಳಿದರು. ಮೂರು ಟ್ಯೂಬ್ ತೆಗೆದೆ: ಒಂದು ಅವರಿಗೆ, ಒಂದು ಅಕ್ಕನಿಗೆ, ಒಂದು ನನ್ನ ಬ್ಯಾಗಿಗೆ.