‘ಮಿ ಪಿಯಾಚೆ’ ಕಲಿಯೋಕೆ ಇಂಗ್ಲಿಷ್ ಬಿಡಬೇಕಾಯ್ತು

ಓದೋಕೆ ಅಂತ ಇಟಲಿಯ ತೊರಿನೊ (ಟ್ಯೂರಿನ್) ಊರಿಗೆ ಬಂದ ಮೊದಲ ತಿಂಗಳು. ಮನೆ ಓನರ್ ಅಜ್ಜಿ ಒಂದು ತಟ್ಟೆ ಲಸಾನ್ಯೆ, ಅಂದರೆ ಪದರ ಪದರವಾಗಿ ಬೇಯಿಸಿದ ಪಾಸ್ತಾ, ತಂದುಕೊಟ್ಟರು. ಚೆನ್ನಾಗಿತ್ತು, ಹೇಳಬೇಕಲ್ವಾ? ಇಂಗ್ಲಿಷಿನ ‘ಐ ಲೈಕ್’ ತಲೆಯಲ್ಲಿತ್ತು. ಇಟಾಲಿಯನ್ನಿನಲ್ಲಿ ‘ಇಯೊ’ ಅಂದರೆ ನಾನು, ‘ಪಿಯಾಚೆರೆ’ ಅಂದರೆ ಇಷ್ಟಪಡೋದು ಅಂತ ಲೆಕ್ಕ ಹಾಕಿ "ಇಯೊ ಪಿಯಾಚ್ಚೊ" ಅಂದುಬಿಟ್ಟೆ. ಅಜ್ಜಿ ನನ್ನ ಮುಖ ನೋಡಿ "ಆ ಕಿ?" ಅಂತ ಕೇಳಿ ನಕ್ಕರು. ಯಾರಿಗೆ ಅಂತ! ನಾನು ಹೇಳಿದ್ದು ‘ನಾನು ಇಷ್ಟ ಆಗ್ತೀನಿ’ ಅಂತ.

ಸರಿಯಾದ ಮಾತು ‘ಮಿ ಪಿಯಾಚೆ’. ‘ಮಿ’ ಅಂದರೆ ನನಗೆ. ‘ಮಿ ಪಿಯಾಚೆ ಇಲ್ ಕಫೆ’ ಅಂದರೆ ನನಗೆ ಕಾಫಿ ಇಷ್ಟ. ಪದಕ್ಕೆ ಪದ ಕನ್ನಡವೇ! ಇದನ್ನು ಇಂಗ್ಲಿಷಿನಲ್ಲಿ ಸುತ್ತಿ ಬಳಸಿ ಯಾಕೆ ಕಲಿಯುತ್ತಿದ್ದೆನೋ. ಅವತ್ತೇ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅರ್ಥ ಹೊಡೆದುಹಾಕಿ ಕನ್ನಡದಲ್ಲಿ ಬರೆದುಕೊಂಡೆ.

ತರಗತಿಯಲ್ಲಿ ಇದರ ಲಾಭ ಸಿಕ್ಕಿತು. ಒಬ್ಬರು ‘ಮಿ ಪಿಯಾಚೆ’ ಅಂದಾಗ ಇಂಗ್ಲಿಷ್ ಮಾತಾಡುವ ಗೆಳೆಯರು ‘ಆಂಕಿಯೊ’, ಅಂದರೆ ‘ನಾನೂ’ ಅನ್ನುತ್ತಿದ್ದರು. ಅದು ತಪ್ಪು. ‘ಆಂಕೆ ಆ ಮೆ’ ಅನ್ನಬೇಕು, ‘ನನಗೂ’. ಕಾಫಿ ಇಷ್ಟ ಅಂದವರಿಗೆ ನಾವು ‘ನಾನೂ’ ಅಂತೀವಾ?

ಆದರೆ ಬಹುವಚನದಲ್ಲಿ ನಾನೂ ಜಾರಿದೆ. ನಮ್ಮ ‘ಇಷ್ಟ’ ಒಂದಕ್ಕೂ ಅದೇ, ಹತ್ತಕ್ಕೂ ಅದೇ. ಅಲ್ಲಿ ಹಾಗಲ್ಲ. ವಸ್ತು ಜಾಸ್ತಿ ಇದ್ದರೆ ‘ಮಿ ಪಿಯಾಚ್ಚೊನೊ’. ಒತ್ತಿ ಹೇಳಬೇಕಾದ್ದು ‘ಯಾ’. ಇನ್ನು ‘ಚ್ಚೊ’ದಂಥ ಒತ್ತಕ್ಷರ ನಮಗೆ ಕಷ್ಟವಿಲ್ಲ, ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರು ನಾವು. ಕಾಟ ಕೊಟ್ಟಿದ್ದು ಭೂತಕಾಲ. ಅಲ್ಲಿ ವಸ್ತುವಿನ ಲಿಂಗವನ್ನೂ ನೋಡಬೇಕು. ಸಿನಿಮಾ ಗಂಡು, ‘ಮಿ ಎ ಪಿಯಾಚೂತೊ’. ಕೇಕು ಹೆಣ್ಣು, ‘ಮಿ ಎ ಪಿಯಾಚೂತಾ’. ಲಸಾನ್ಯೆ ಹೆಣ್ಣೂ ಹೌದು, ಬಹುವಚನವೂ ಹೌದು, ಹಾಗಾಗಿ ‘ಮಿ ಸೊನೊ ಪಿಯಾಚೂತೆ’. ಒಂದೇ ತಟ್ಟೆ ತಿಂದರೂ ಅಷ್ಟೇ! ಇದಕ್ಕೆ ಉಪಾಯ ಏನಿಲ್ಲ. ಸುಮ್ನೆ ಬಾಯಿಪಾಠ ಮಾಡಿದೆ.

ಇದೇ ಅಚ್ಚಿನ ಇನ್ನೊಂದು ಮಾತು ‘ಮಿ ಸೆರ್ವೆ’, ನನಗೆ ಬೇಕು. ಪೋರ್ತಾ ಪಲಾತ್ಸೊ ಸಂತೆಯಲ್ಲಿ ದಿನಾ ಬಳಸಿದೆ. ‘ಮಿ ಸೆರ್ವೆ ಉನ್ ಸಕ್ಕೆತ್ತೊ’ ಅಂದರೆ ಒಂದು ಚೀಲ ಬೇಕು. ನಿಂಬೆಹಣ್ಣು ಎರಡಾದರೆ ‘ಮಿ ಸೆರ್ವೊನೊ ದುಎ ಲಿಮೊನಿ’. ಮೊದಲು ‘ವೊಲ್ಯೊ’, ಅಂದರೆ ಇಂಗ್ಲಿಷಿನ ‘ಐ ವಾಂಟ್’, ಅನ್ನುತ್ತಿದ್ದೆ. ಅದು ಹಟ ಹಿಡಿದು ಕೇಳಿದ ಹಾಗೆ ಕೇಳಿಸುತ್ತದೆ.

ಇಷ್ಟಾದ ಮೇಲೆ ಧೈರ್ಯ ಜಾಸ್ತಿಯಾಯಿತು. ನನಗೆ ಹಸಿವು ಅನ್ನೋಕೂ ಇದೇ ಸೂತ್ರ ಹಾಕಿ ಅಜ್ಜಿಗೆ "ಮಿ ಫಾಮೆ" ಅಂದೆ. ಇಟಾಲಿಯನ್ನರಿಗೆ ಹಸಿವು ಆಗುವುದಿಲ್ಲ, ಅವರ ಹತ್ತಿರ ಹಸಿವು ಇರುತ್ತದೆ. "ಒ ಫಾಮೆ" ಅಂತ ಅಜ್ಜಿ ತಿದ್ದಿದರು. ಆಮೇಲೆ ಒಲೆ ಹಚ್ಚಿದರು.